ರಿಪೋರ್ಟಿನ ಎರಡನೆಯ ಪದ

ಹೆಣಕ್ಕೆ ನೀರು ಕಾಯುತ್ತಿದ್ದ ಒಲೆಯ ಮುಂದೆ ಗೋರಖನಾಥ ಕುಕ್ಕರಗಾಲಿನಲ್ಲಿ ಕೂತು, ಅಂಗಿಯ ಕಿಸೆಯಿಂದ ನಾಲ್ಕಾಗಿ ಮಡಿಚಿದ ಕಾಗದವೊಂದನ್ನು ತೆಗೆದು ಬೆಂಕಿಗೆ ಹಿಡಿಯುವುದರಲ್ಲಿದ್ದ. ತೊಗರಿ ಕಟ್ಟಿಗೆಯ ಉರಿ ಚುರುಕಾಗಿತ್ತು. ಇನ್ನೊಂದು ಗೇಣು ಕೈ ಚಾಚಿದ್ದರೆ ಮುಗಿಯುತ್ತಿತ್ತು.

“ನೀರ ಕಾದಾವೇನ್ರಿ ಅಣ್ಣಾರ?”

ಬೆನ್ನ ಹಿಂದೆ ಅಂಜನಾಬಾಯಿ ನಿಂತಿದ್ದಳು. ಸತ್ತ ಶಾಲುಬಾಯಿಯ ಅಕ್ಕ. ಮೂರು ವಾರದ ಹಿಂದೆ ಭಾಲ್ಕಿಯಿಂದ ಬಂದವಳು ತಂಗಿಯ ಹಾಸಿಗೆಯ ಬದಿಯನ್ನು ಬಿಟ್ಟು ಎದ್ದಿರಲಿಲ್ಲ. ಗೋರಖನಾಥ ಕಾಗದವನ್ನು ಮತ್ತೆ ಕಿಸೆಗೆ ತುರುಕಿದ.

“ಕಾದಾವ. ತೊಗೋ.”

“ಅದೇನ್ರಿ ಕಾಗಜ?”

“ಏನಿಲ್ಲ, ಕರೆಂಟಿನ ಬಿಲ್ಲು.”

ಅಂಜನಾಬಾಯಿ ಮತ್ತೆ ಕೇಳಲಿಲ್ಲ. ಗೋರಖನಾಥನ ಕೈಯಲ್ಲಿ ಕಾಗದವಿದ್ದರೆ ಎಕಂಬಾ ಊರಿನಲ್ಲಿ ಯಾರೂ ಎರಡನೆಯ ಸಲ ಕೇಳುವವರಲ್ಲ. ಔರಾದಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜವಾನನಾಗಿದ್ದ ಅವನು, ಊರಿಗೆ ಬಂದ ಇಂಗ್ಲಿಷಿಗೆಲ್ಲ ತಾನೇ ವಾರಸುದಾರನೆಂದು ತಿಳಿದಿದ್ದ. ಗೊಬ್ಬರದ ಚೀಲ, ಕೋರ್ಟಿನ ನೋಟೀಸು, ಔಷಧಿಯ ಚೀಟಿ, ಯಾವುದು ಬಂದರೂ ಕನ್ನಡಕ ಏರಿಸಿ ಓದಿ ಅರ್ಥ ಹೇಳುತ್ತಿದ್ದ. ತಿಳಿಯಲಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ತಿಳಿಯದ್ದು ಇರಲಿಲ್ಲ ಅಂತಲ್ಲ, ಆ ಮಾತು ಮಾತ್ರ ಬರುತ್ತಿರಲಿಲ್ಲ.

ಶಾಲುಬಾಯಿ ಅವನ ತಮ್ಮ ಪಂಢರಿಯ ಹೆಂಡತಿ. ಹಿಂದಿನ ದಿನ ಮಧ್ಯಾಹ್ನ ಜೀವ ಬಿಟ್ಟಿದ್ದಳು. ಲಿವರಿನ ಕ್ಯಾನ್ಸರ್. ವಯಸ್ಸು ನಲವತ್ತು ತುಂಬಿರಲಿಲ್ಲ, ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ. ಕಳೆದ ದಸರೆಯ ಹೊತ್ತಿಗೆ ಮಾಂಜ್ರಾ ಹೊಳೆಯಲ್ಲಿ ಮರಳು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅರ್ಧ ಓಣಿ ಬೀಗ ಹಾಕಿಕೊಂಡು ಹೈದರಾಬಾದು, ಪುಣೆ ಎಂದು ಹೊರಟಾಗ ಪಂಢರಿಯೂ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹೋದವನು ಒಮ್ಮೆಯೂ ಬಂದಿರಲಿಲ್ಲ. ಈಗ ಬರುತ್ತಿದ್ದ. ಅವನ ಜೊತೆಗೆ ಕೆಲಸ ಮಾಡುವ ಮಾಣಿಕ ಬೆಳಿಗ್ಗೆ ಎಂಟು ಗಂಟೆಗೆ ಫೋನು ಮಾಡಿ, “ಭಾಲ್ಕಿಯಾಗ ಇಳದೀವಿ, ಜೀಪ ಹಿಡದು ಬರ್ತೇವಿ, ಮಣ್ಣ ಮಾಡಬ್ಯಾಡ್ರಿ” ಎಂದು ಹೇಳಿದ್ದ.

ಆ ಫೋನು ಬಂದಾಗಿನಿಂದ ಗೋರಖನಾಥನ ಕೈ ಕಿಸೆ ಬಿಟ್ಟಿರಲಿಲ್ಲ.

ಒಳಗೆ ಹೆಂಗಸರಲ್ಲಿ ಮಾತಿಗೆ ಮಾತು ಬೆಳೆಯಿತು. ಹೆಣಕ್ಕೆ ಸ್ನಾನವಾಗಿತ್ತು, ತವರಿನ ಸೀರೆ ಉಡಿಸಿದ್ದರು. ಗುಂಡಮ್ಮ ಎಂಬ ನೆರೆಮನೆಯ ಮುದುಕಿ ಹಸಿರು ಬಳೆಗಳ ಪುಡಿಕೆ ಬಿಚ್ಚಿದ್ದಳು.

“ಗಂಡ ಇದ್ದಾಂಗೇ ಹೋಗ್ಯಾಳ, ಪುಣ್ಯವಂತಿ. ಕೈ ತುಂಬ ಹಸರ ಬಳಿ ಹಾಕಿ ಕಳಸಬೇಕ್ರಿ.”

“ತಡೀರಿ” ಎಂದಳು ಗೋರಖನಾಥನ ಹೆಂಡತಿ ಕೇಶರಬಾಯಿ. “ಪಂಢರಿ ಬರಲಿ. ಅಂವ ಹ್ಞೂಂ ಅಂದಮ್ಯಾಲ ಹಾಕೋಣು.”

ಅಂಜನಾಬಾಯಿ ತಂಗಿಯ ತಲೆ ಬಾಚುತ್ತಿದ್ದವಳು ಹಣಿಗೆ ನಿಲ್ಲಿಸಿದಳು. “ಯಾಕ? ಅಂವ ಯಾಕ ಹ್ಞೂಂ ಅನ್ನಬೇಕ್ರಿ? ಹೇಂತಿ ಕೈಗಿ ಬಳಿ ಹಾಕ್ಲಾಕ ಗಂಡಂದು ಪರವಾನಗಿ ಬೇಕೇನು?”

“ನಾ ಹಂಗ ಅಂದಿಲ್ಲ ಯವ್ವಾ…”

“ಹ್ಯಾಂಗ ಅಂದ್ರಿ ಮತ್ತ? ನಾಕ ತಿಂಗಳಾತು, ಅಂವ ಒಂದ ಫೋನ ಮಾಡಿಲ್ಲ. ನಂಬರ ಬದಲ ಮಾಡ್ಯಾನ. ನನ್ನ ತಂಗಿ ಗಿರಣಿಗಿ ಹೋಗಿ ಫೋನ ಚಾರ್ಜ ಮಾಡ್ಕೊಂಡ ಬಂದು ಬಂದು ಕೈಯಾಗ ಹಿಡ್ಕೊಂಡ ಕೂಡ್ತಿದ್ಳು. ನಾ ಏನ್ ಮಾಡೀನಿ ಅಕ್ಕಾ, ನಾ ಏನ್ ಮಾಡೀನಿ ಅಂತ ಕೇಳ್ತಿದ್ಳು. ಏನ್ ಮಾಡಿದ್ಳು ಅಕಿ? ನಿಮಗ ಗೊತ್ತಿದ್ರ ಹೇಳ್ರಿ!”

ಕೇಶರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಗೋರಖನಾಥ ನಿಂತಿದ್ದ. ಗಂಡ ಹೆಂಡತಿಯ ನೋಟ ಕೂಡಿತು, ಕೂಡಿದ್ದೇ ತಡ ಇಬ್ಬರೂ ಮುಖ ತಿರುಗಿಸಿಕೊಂಡರು. ಬಳೆಗಳ ಪುಡಿಕೆ ಹೆಣದ ಪಕ್ಕದಲ್ಲಿ ಬಿಚ್ಚಿದ್ದು ಬಿಚ್ಚಿದ ಹಾಗೇ ಉಳಿಯಿತು.

*

ಹೋಳಿ ಹುಣ್ಣಿಮೆಯ ಮುಂಚಿನ ಮಾತು. ಭಾಲ್ಕಿಯಲ್ಲಿ ಪುಕ್ಕಟೆ ತಪಾಸಣೆಯ ಕ್ಯಾಂಪ್ ಇಟ್ಟಿದ್ದರು. ಅಂಜನಾಬಾಯಿ ತಂಗಿಯನ್ನು ಕರೆಸಿ ಒಯ್ದಿದ್ದಳು. ಶಾಲುಬಾಯಿಗೆ ಬಲಪಕ್ಕೆಯ ಕೆಳಗೆ ಭಾರ, ಹೊಟ್ಟೆ ಉಬ್ಬರ, ಊಟ ಸೇರುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಅವಳಿಗೆ ಕಣ್ಣು ಹಳದಿಯಾಗಿ ಕಾಮಣಿ ಆಗಿತ್ತು, ಸೊಪ್ಪಿನ ರಸ ಕುಡಿದು ವಾಸಿಯಾಯಿತೆಂದು ಎಲ್ಲರೂ ಮರೆತಿದ್ದರು. ಕ್ಯಾಂಪಿನ ಡಾಕ್ಟರು ಪಕ್ಕೆ ಒತ್ತಿ ನೋಡಿ, ರಕ್ತ ತೆಗೆಸಿ ಬೀದರಿಗೆ ಕಳಿಸಿ, ರಿಪೋರ್ಟು ಬಂದ ಕೂಡಲೇ ದೊಡ್ಡ ದವಾಖಾನೆಗೆ ತೋರಿಸಬೇಕೆಂದು ಹೇಳಿದ್ದರು.

ಆ ರಿಪೋರ್ಟನ್ನು ತಂದವನು ಗೋರಖನಾಥ. ಸಾಲಿಯ ಕೆಲಸಕ್ಕೆ ಬೀದರಿಗೆ ಹೋದಾಗ ಲ್ಯಾಬಿನಿಂದ ಇಸಿದುಕೊಂಡು, ಔರಾದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಲಕೋಟೆ ಒಡೆದ. ಯಾರೂ ಒಡೆಯಲು ಹೇಳಿರಲಿಲ್ಲ. ಇಂಗ್ಲಿಷು ಕೈಗೆ ಸಿಕ್ಕರೆ ಓದದೆ ಬಿಡುವ ಆಸಾಮಿಯೇ ಅವನಲ್ಲ.

‘ಆಲ್ಫಾ ಫೀಟೋಪ್ರೋಟೀನ್’ ಎಂದಿತ್ತು. ಇರಬೇಕಾದದ್ದು ಹತ್ತರೊಳಗೆ, ಇದ್ದದ್ದು ಸಾವಿರದ ಮೇಲೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಪ್ರೋಟೀನು ಯಾವ ಯಾವ ಕಾರಣಕ್ಕೆ ಏರುತ್ತದೆ ಎಂದು ಒಂದು ಸಾಲು. ಮೊದಲ ಕಾರಣ, ‘ಪ್ರೆಗ್ನೆನ್ಸಿ’. ಎರಡನೆಯದು, ‘ಹೆಪಟೋಸೆಲ್ಯುಲರ್ ಕಾರ್ಸಿನೋಮಾ’.

ಮನೆಗೆ ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕೆಂಪು ರಟ್ಟಿನ ಡಿಕ್ಷನರಿ ತೆಗೆದ. ಹಳೆಯ ಹೆಡ್‌ಮಾಸ್ತರರು ನಿವೃತ್ತರಾಗುವಾಗ ಕೊಟ್ಟದ್ದು. ‘ಫೀಟಸ್’ ಸಿಕ್ಕಿತು: ಗರ್ಭದೊಳಗಿನ ಶಿಶು. ‘ಪ್ರೆಗ್ನೆನ್ಸಿ’ ಹುಡುಕುವ ಅಗತ್ಯವೇ ಇರಲಿಲ್ಲ. ಎರಡನೆಯ ಪದವನ್ನು ಹುಡುಕಿದ, ಸಿಗಲಿಲ್ಲ. ಸಾಲಿ ಮಕ್ಕಳ ಡಿಕ್ಷನರಿಯಲ್ಲಿ ಅಷ್ಟು ಉದ್ದದ ಪದ ಎಲ್ಲಿಂದ ಬರಬೇಕು? ಮರುದಿನ ಇಂಗ್ಲಿಷ್ ಮಾಸ್ತರರನ್ನು ಕೇಳಬಹುದಿತ್ತು. ಕೇಳಿದರೆ ಗೋರಖನಾಥನಿಗೂ ಒಂದು ಪದ ಬರುವುದಿಲ್ಲ ಎಂದಾಗುತ್ತಿತ್ತು. ಸಿಕ್ಕ ಪದ ಸಾಕು, ಸಿಗದ್ದು ಅದರದೇ ಇನ್ನೊಂದು ಹೆಸರಿರಬೇಕು ಎಂದು ಡಿಕ್ಷನರಿ ಮುಚ್ಚಿಬಿಟ್ಟ.

ಶಾಲುಬಾಯಿಯ ಹೊಟ್ಟೆ ನಾಲ್ಕೈದು ತಿಂಗಳ ಬಸುರಿಯಷ್ಟು ಎದ್ದಿತ್ತು. ತಮ್ಮ ಊರು ಬಿಟ್ಟು ಐದು ತಿಂಗಳ ಮೇಲಾಗಿತ್ತು. ಗೋರಖನಾಥ ಬೆರಳು ಮಡಿಚಿ ಎಣಿಸಿದ, ಎರಡು ಸಲ ಎಣಿಸಿದ. ಆಮೇಲೆ ಊರ ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಕೂತು ಪುಣೆಗೆ ಫೋನು ಹಚ್ಚಿ ಹೇಳಿದ: “ಪಂಢರಿ, ನಿನ್ನ ಹೇಂತಿ ಬಸರ ಅದಾಳ. ರಕ್ತದಾಗೇ ಬಂದದ. ನಾನೇ ಓದೀನಿ.”

ಪಂಢರಿ ಒಂದೇ ಕೇಳಿದ. “ಖರೇನೇ ಓದೀದಿ ಅಣ್ಣಾ?”

“ನನಗ ಓದ್ಲಾಕ ಬರಲ್ಲೇನು?”

ಅದೇ ಸಂಜೆ ಶಾಲುಬಾಯಿ ಬಂದಳು. ಸೆರಗು ತಲೆಯ ಮೇಲೆಳೆದುಕೊಂಡು ಕಟ್ಟೆಯ ಕೆಳಗೆ ನಿಂತಳು. ಅವನ ಇಂಗ್ಲಿಷಿನ ಮೇಲೆ ಅವಳಿಗಿದ್ದಷ್ಟು ಭರವಸೆ ಊರಿನಲ್ಲಿ ಮತ್ತಾರಿಗೂ ಇರಲಿಲ್ಲ. ನಮ್ಮ ಭಾವಾರಿಗಿ ಇಂಗ್ಲೀಷ ಅಂದ್ರ ನೀರ ಕುಡದಂಗ ಎಂದು ತವರಿನಲ್ಲೂ ಹೇಳಿಕೊಂಡು ಬಂದವಳು.

“ಭಾವಾರ, ರಿಪೋರ್ಟನ್ಯಾಗ ಏನ್ ಬಂದದ್ರಿ?”

“ಏನ್ ಬರ್ತದ? ನಿನಗ ಗೊತ್ತಿದ್ದದ್ದೇ ಬಂದದ.”

ಅವಳು ಹಳೆಯ ಕಾಮಣಿಯೇ ಇರಬೇಕೆಂದುಕೊಂಡಳು. “ಅಷ್ಟೇ ಏನ್ರಿ? ನಾ ಭಾಳ ಅಂಜಿದ್ದೆ” ಎಂದು ನಕ್ಕಳು. ಆ ನಗು ಕಂಡು ಗೋರಖನಾಥನಿಗೆ ಮೈ ಉರಿದಿತ್ತು. ಎಂಥಾ ಹೆಂಗಸು ಎಂದುಕೊಂಡಿದ್ದ.

ಆ ಬಳಿಕ ಟ್ಯಾಂಕರಿನ ನೀರಿನ ಸಾಲಿನಲ್ಲಿ ಕೇಶರಬಾಯಿ ತನ್ನ ಕೊಡವನ್ನು ಅವಳ ಕೊಡದಿಂದ ದೂರ ಸರಿಸತೊಡಗಿದಳು. ಇನ್ನಿಬ್ಬರು ಹೆಂಗಸರ ಕಿವಿಗೂ ಮಾತು ಬಿತ್ತು. ಶಾಲುಬಾಯಿ ಬಾಡುತ್ತಿದ್ದ ಕೈಕಾಲು, ಉಬ್ಬುತ್ತಿದ್ದ ಹೊಟ್ಟೆ ಹೊತ್ತು ಸಾಲಿನ ಕೊನೆಯಲ್ಲಿ ಒಬ್ಬಳೇ ನಿಲ್ಲುತ್ತಿದ್ದಳು. ರಿಪೋರ್ಟು ಮಾತ್ರ ಡಿಕ್ಷನರಿಯೊಳಗೆ ಬೆಚ್ಚಗೆ ಕೂತಿತ್ತು.

*

ಹೊರಗೆ ಚಪ್ಪರದ ಕೆಳಗೆ ಶಾಲುಬಾಯಿಯನ್ನು ತಂದು ಮಲಗಿಸಿದರು. ಜೂನಿನ ಮೃಗಾ ಮಳೆ ಹನಿಯೂ ಉದುರಿಸದೆ ಹೋಗಿತ್ತು, ಹತ್ತು ಗಂಟೆಗೇ ನೆಲ ಕಾಲು ಸುಡುತ್ತಿತ್ತು. ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿದ್ದರು, ಬಿಸಿಲಿಗೆ ಅದು ಉರಿಯುವುದಕ್ಕಿಂತ ಮೊದಲೇ ಬಾಗುತ್ತಿತ್ತು.

“ರೊಟ್ಟಿ ಬಡದ್ರ ಶಾಲುನೇ ಬಡೀಬೇಕು” ಎಂದು ಒಬ್ಬರು ಶುರು ಮಾಡಿದರು. “ಹಾಳಿ ಹಂಗ ತೆಳ್ಳಗ.”

“ನನ್ನ ಮಗಳ ಬಾಣಂತನಕ್ಕ ಎರಡ ಕೌದಿ ಹೊಲದ ಕೊಟ್ಟಾಳ್ರಿ” ಎಂದಳು ಗುಂಡಮ್ಮ. “ಅಕಿಗಿ ಕೂಸಿಲ್ಲ, ಆದ್ರ ಓಣ್ಯಾಗ ಅಕಿ ಕೌದಿ ಮ್ಯಾಲ ಮಲಗದ ಕೂಸಿಲ್ಲ.”

ಕಾಶೀರಾಮ ಮಾಮ ಬಂದರು. ಊರಿನ ಬೌದ್ಧ ಮನೆಗಳಲ್ಲಿ ಮದುವೆಗೂ ಮಣ್ಣಿಗೂ ಅವರೇ ಹಿರಿಯರು. ಹಲ್ಲು ಬಿದ್ದ ಮೇಲೆ ಪಂಚಶೀಲ ಹೇಳಿಕೊಡುವ ಕೆಲಸವನ್ನು ಗೋರಖನಾಥನಿಗೆ ವಹಿಸಿದ್ದರು, ಪಾಲಿ ಭಾಷೆಯ ಉಚ್ಚಾರ ಅವನದು ಸ್ಪಷ್ಟ ಎಂದು.

“ಹೇಳಪಾ ಗೋರಖಾ. ಪಂಢರಿ ಬರೂ ತನಕ ಇದೊಂದ ಆಗಲಿ.”

ಗೋರಖನಾಥ ಕೈ ಜೋಡಿಸಿ ನಿಂತು ಹೇಳಿದ, ಜನ ಹಿಂದೆ ಹೇಳಿದರು. ಜೀವ ತೆಗೆಯುವುದಿಲ್ಲ, ಕದಿಯುವುದಿಲ್ಲ, ನಡತೆ ಕೆಡಿಸಿಕೊಳ್ಳುವುದಿಲ್ಲ. ಮೂರು ಶೀಲ ಸಲೀಸಾಗಿ ಹೋದವು. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಅದರ ಮೊದಲ ಅಕ್ಷರಕ್ಕೆ ಬಾಯಿ ತೆರೆದವನು ಹಾಗೇ ನಿಂತ. ಜನ ಕಾದರು. ಅಂಜನಾಬಾಯಿ ತಲೆಯೆತ್ತಿ ನೋಡಿದಳು.

“ಮರತೇನು?” ಎಂದು ಕಾಶೀರಾಮ ಮಾಮ ತಾವೇ ಬೊಚ್ಚು ಬಾಯಲ್ಲಿ ಅದನ್ನು ಹೇಳಿ ಮುಗಿಸಿದರು.

*

ಮೂರು ವಾರದ ಹಿಂದೆ ಬೀದರಿನ ದವಾಖಾನೆಯಲ್ಲಿ ಶಾಲುಬಾಯಿಯ ಹೊಟ್ಟೆಯಿಂದ ನೀರು ತೆಗೆದ ದಿನ ಅಂಜನಾಬಾಯಿ ಫೋನು ಮಾಡಿ, ಹಳೆಯ ರಿಪೋರ್ಟು ಬೇಕಂತ್ರಿ ಅಣ್ಣಾರ ಎಂದಿದ್ದಳು. ಗೋರಖನಾಥ ಒಯ್ದುಕೊಟ್ಟ. ಕೊಡುವಾಗಲೂ, ಇವರಿಗೂ ಗೊತ್ತಾಗಲಿ ಎಂಬ ಗತ್ತಿನಲ್ಲೇ ಇದ್ದ.

ಡಾಕ್ಟರು ವಯಸ್ಸಾದ ಹೆಂಗಸು. ಕಾಗದ ನೋಡಿದರು, ತಾರೀಖು ನೋಡಿದರು.

“ಮಾರ್ಚನ್ಯಾಗ ಬಂದ ರಿಪೋರ್ಟಿದು. ಇಷ್ಟ ದಿನ ಏನ್ ಮಾಡ್ಲತ್ತಿದ್ರಿ?”

“ಅದು… ಬಸರಿಂದು ಅಲ್ಲೇನ್ರಿ ಮೇಡಂ?” ದನಿ ಎಷ್ಟು ಸಣ್ಣಗಾಗಿತ್ತೆಂದರೆ ಮಂಚದ ಆಚೆಗಿದ್ದ ಅಂಜನಾಬಾಯಿಗೆ ಕೇಳಿಸಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. “ನೋಡ್ರಿ, ಹೊಟ್ಟಿಯೊಳಗಿನ ಕೂಸಿನ ಲಿವರು ಈ ಪ್ರೋಟೀನ ತಯಾರ ಮಾಡ್ತದ. ಹುಟ್ಟಿದ ಮ್ಯಾಲ ಕಮ್ಮಿ ಆಗ್ಕೋತ ಹೋಗ್ತದ. ದೊಡ್ಡವರ ಲಿವರನ್ಯಾಗ ಕ್ಯಾನ್ಸರ್ ಬೆಳದ್ರ ಮತ್ತ ಏರಬಹುದು. ಹೊಟ್ಟಿಯೊಳಗ ಕೂಸಿಲ್ಲ, ಪ್ರೋಟೀನ ಸಾವಿರದ ಮ್ಯಾಲ ಅದ. ಏನಂತ ತಿಳೀಬೇಕು? ಹಳೇ ಕಾಮಣಿ ವೈರಸ್ಸು ಹೋಗಿರಲೇ ಇಲ್ಲ, ವರ್ಷಾನುಗಟ್ಟಲೆ ಲಿವರ ತಿಂದದ. ಬರದಾರಲ್ಲ ಇಲ್ಲಿ, ಎರಡನೇ ಪದ. ಓದಿಲ್ಲೇನು?”

“ಆವಾಗೇ ಬಂದಿದ್ರ ಉಳೀತಿದ್ಳೇನ್ರಿ?” ಎಂದು ಹತ್ತಿರ ಬಂದ ಅಂಜನಾಬಾಯಿ ಕೇಳಿದಳು.

“ಹಂಗ ಹೇಳ್ಲಾಕ ಬರಲ್ಲಮ್ಮಾ. ಏನಾದ್ರೂ ಮಾಡಿ ನೋಡ್ತಿದ್ವಿ. ಈಗ ಅದೂ ಇಲ್ಲ.”

“ನಾನು ಅವಾಗೇ ಹೇಳಿದ್ದೆ” ಎಂದ ಗೋರಖನಾಥ. ಮಾತು ಅವನನ್ನು ಕೇಳದೆಯೇ ಹೊರಬಿದ್ದಿತ್ತು. “ದೊಡ್ಡ ದವಾಖಾನಿಗಿ ಹೋಗು ಅಂತ ಹೇಳಿದ್ದೆ. ಅಕೀನೇ ಹೋಗಲಿಲ್ಲ.”

ಮಂಚದ ಮೇಲೆ ಶಾಲುಬಾಯಿ ಎಚ್ಚರವಾಗಿದ್ದಳು. ಹಳದಿ ಕಣ್ಣುಗಳನ್ನು ಅವನ ಕಡೆ ಹೊರಳಿಸಿದಳು. ಅಂಜನಾಬಾಯಿ, “ಹೌದೇನು? ಹೇಳಿದ್ರೇನು?” ಎಂದು ಗದರಿ ಕೇಳಿದಳು. ಶಾಲುಬಾಯಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಭಾವನ ಮರ್ಯಾದೆ ಕಾಯ್ದಳು.

ಡಾಕ್ಟರು ಮರಳಿಸಿದ ಕಾಗದ ಗೋರಖನಾಥನ ಬಳಿಯೇ ಉಳಿಯಿತು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಮಾಣಿಕನ ನಂಬರು ತೆಗೆಯುತ್ತಿದ್ದ. ಒತ್ತಿದರೆ ತಮ್ಮ ಸಿಗುತ್ತಿದ್ದ, ಕ್ಯಾನ್ಸರ್ ಎಂಬ ಒಂದು ಮಾತು ಹೇಳಿದರೆ ಓಡಿ ಬರುತ್ತಿದ್ದ. ನಾಳೆ ಹೇಳಿದರಾಯಿತು ಎಂದು ಫೋನು ಕಿಸೆಗೆ ಹಾಕುತ್ತಿದ್ದ. ಇಪ್ಪತ್ತು ದಿನ ಹಾಗೇ ಕಳೆದವು. ಇಪ್ಪತ್ತೊಂದನೆಯ ದಿನ ಒತ್ತಿದ, “ಶಾಲು ಹೋದ್ಳು, ಪಂಢರಿಗಿ ಕರ್ಕೊಂಡ ಬಾ” ಎಂದು ಅಷ್ಟೇ ಹೇಳಿದ.

*

ಜೀಪು ಓಣಿಯ ತುದಿಯಲ್ಲಿ ನಿಂತಿತು. ಮಾಣಿಕ ಇಳಿದು ಚಪ್ಪರದ ಕಡೆ ಬಂದ. ಪಂಢರಿ ಬರಲಿಲ್ಲ. ಸಿಮೆಂಟಿನ ಧೂಳು ಹೋಗದ ಕೂದಲು, ಹೆಗಲಿಗೆ ಒಂದು ಬ್ಯಾಗು, ಬೇವಿನ ಮರದ ಕೆಳಗೇ ನಿಂತುಬಿಟ್ಟ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಗೋರಖನಾಥನೇ ಎದ್ದು ಹೋದ. ಆ ಮೂವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವನ ಬನಿಯನ್ ಬೆವರಿನಿಂದ ಮೈಗೆ ಅಂಟಿತ್ತು.

ದಾರಿಯಲ್ಲಿ ಯಾರಾದರೂ ನಿಜ ಹೇಳಿರಬೇಕು, ಹೊಡೆಯುತ್ತಾನೆ ಎಂದುಕೊಂಡಿದ್ದ. ಪಂಢರಿ ಅಣ್ಣನ ಮುಂಗೈ ಹಿಡಿದುಕೊಂಡು, ಯಾರಿಗೂ ಕೇಳದ ಹಾಗೆ ಕೇಳಿದ.

“ಅಣ್ಣಾ, ಕೂಸು ಎಲ್ಲಿ ಅದ?”

ಗೋರಖನಾಥನಿಗೆ ಮಾತು ತಿಳಿಯಲಿಲ್ಲ.

“ಹೆರಿಗ್ಯಾಗೇ ಹೋದ್ಳಲ್ಲ? ನಾ ಜೀಪನ್ಯಾಗ ಭಾಳ ವಿಚಾರ ಮಾಡೀನಿ. ಅದು ಯಾರದರ ಇರಲಿ. ಹದಿನಾರ ವರ್ಷ ಅಕಿ ಒಂದ ಕೂಸಿಗಿ ಹಂಬಲಿಸ್ಯಾಳ. ಕೂಸಿಂದೇನ ತಪ್ಪದ? ನಾ ಸಾಕ್ತೇನಿ. ಹಾಲಿನ ಪುಡಿ ತಂದೀನಿ. ಎಲ್ಲಿ ಅದ, ಗಂಡೋ ಹೆಣ್ಣೋ?”

ಒಂದೇ ಮಾತು ಸಾಕಿತ್ತು. ಕೂಸೂ ಉಳಿಯಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ತಮ್ಮ ಅತ್ತು ಮಣ್ಣು ಕೊಟ್ಟು ಪುಣೆಗೆ ಹೋಗುತ್ತಿದ್ದ, ಕಿಸೆಯ ಕಾಗದ ಸಂಜೆ ಒಲೆಗೆ ಬೀಳುತ್ತಿತ್ತು, ಊರಿನ ಇಂಗ್ಲಿಷು ಗೋರಖನಾಥನ ಹತ್ತಿರವೇ ಇರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಚಪ್ಪರದ ಕೆಳಗೆ ಶಾಲುಬಾಯಿಯ ಬರಿಗೈ ಕಾಣಿಸುತ್ತಿತ್ತು.

“ಕೂಸು ಇಲ್ಲ ತಮ್ಮಾ.”

“ಅದೂ ಹೋಯ್ತಾ?”

“ಇರಲೇ ಇಲ್ಲ.” ಕಿಸೆಯಿಂದ ಕಾಗದ ತೆಗೆದ. ಮಡಿಕೆ ಬಿಚ್ಚುವಾಗ ಅಂಚು ಹರಿಯಿತು. “ಲಿವರಿನ ಕ್ಯಾನ್ಸರ್ ಆಗಿತ್ತು. ಇದರಾಗ ಬರದಿತ್ತು. ಎರಡ ಪದ ಇದ್ವು. ಒಂದ ಓದ್ದೆ, ಒಂದ… ನನಗ ಬರಲಿಲ್ಲ. ಬರಲಿಲ್ಲ ಅಂತ ಯಾರ ಮುಂದೂ ಹೇಳಲಿಲ್ಲ. ಅಕಿ ಯಾವ ತಪ್ಪೂ ಮಾಡಿಲ್ಲ ಪಂಢರಿ. ಅಕಿಗಿ ಏನೂ ಗೊತ್ತಿರಲಿಲ್ಲ. ನೀ ಯಾಕ ಫೋನ ಮಾಡ್ಲತ್ತಿಲ್ಲ ಅಂತ ಕೇಳ್ಕೋತನೇ ಹೋದ್ಳು.”

ಪಂಢರಿ ಹಿಡಿದಿದ್ದ ಕೈ ಬಿಟ್ಟ.

ಅಂಜನಾಬಾಯಿ ಯಾವಾಗ ಬಂದು ಹಿಂದೆ ನಿಂತಿದ್ದಳೋ. “ಬಸರು ಅಂತ ಹೇಳಿದ್ರಿ?” ಎಂದಳು. “ನನ್ನ ತಂಗಿಗಿ ಬಸರು ಅಂತ ಹೇಳಿದ್ರಿ?” ಮೊದಲು ಪಿಸುದನಿಯಲ್ಲಿ, ಆಮೇಲೆ ಓಣಿಯೆಲ್ಲ ಕೇಳುವಂತೆ. ಕೇಶರಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಂಜನಾಬಾಯಿ ಗೋರಖನಾಥನ ಎದೆಯ ಮೇಲೆ ಎರಡೂ ಮುಷ್ಟಿಗಳಿಂದ ಗುದ್ದಿದಳು. ಅವನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ, ಇನ್ನೂ ನಾಲ್ಕು ಹೊಡೆಯಲಿ ಎಂದು ನಿಂತ. ಕಾಶೀರಾಮ ಮಾಮ ಬಂದು ಅವಳನ್ನು ಹಿಡಿದುಕೊಂಡರು.

ಪಂಢರಿ ಇದ್ಯಾವುದನ್ನೂ ನೋಡಲಿಲ್ಲ. ನೇರ ಚಪ್ಪರಕ್ಕೆ ಹೋಗಿ ಹೆಂಡತಿಯ ಪಕ್ಕ ಕೂತ.

“ಬಳಿ ಎಲ್ಲಿ ಅವ?” ಎಂದ.

ಗುಂಡಮ್ಮ ಪುಡಿಕೆ ಕೊಟ್ಟಳು. ಒಂದೊಂದೇ ಬಳೆ ತೆಗೆದು ಅವಳ ಕೈಗೆ ಏರಿಸಿದ. ಅಳತೆ ಅವಳದೇ, ಎಂದಿನದೇ. ಆದರೆ ಕೈ ಒಣಗಿ ಕಡ್ಡಿಯಾಗಿತ್ತು, ಹಾಕಿದ ಬಳೆಗಳು ಮೊಣಕೈವರೆಗೆ ಜಾರಿದವು, ಕೈ ಇಳಿಸಿದರೆ ಬೆರಳ ಮೇಲಿಂದ ಕಳಚಿಬಿದ್ದವು. ಪಂಢರಿ ಮತ್ತೆ ಹಾಕಿದ, ಮತ್ತೆ ಬಿದ್ದವು. ಕೊನೆಗೆ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬಳೆ ಕೆಳಗೆ ಬೀಳದಂತೆ ಹಾಗೇ ಕೂತ.

*

ಮಣ್ಣು ಮುಗಿದಾಗ ಹೊತ್ತು ನೆತ್ತಿ ದಾಟಿತ್ತು. ಮೊದಲ ಹಿಡಿಯನ್ನು ಪಂಢರಿ ಹಾಕಿದ. ಗೋರಖನಾಥ ಎಲ್ಲರೂ ಹಾಕಿದ ಮೇಲೆ, ಕೊನೆಯಲ್ಲಿ ಹಾಕಿದ. ಜನ ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು. ಅವನ ಸರದಿಗೆ ನೀರು ಮುಗಿದಿತ್ತು. ಅವನ ಹತ್ತಿರ ಯಾರೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ, ನಾಳೆ ಯಾರೂ ಕಾಗದ ಹಿಡಿದು ಬರುವುದಿಲ್ಲ ಎಂಬುದು ಅವನಿಗೆ ತಿಳಿಯಿತು. ಅದು ಶಿಕ್ಷೆ ಎನ್ನಿಸಲೂ ಇಲ್ಲ.

ಪಂಢರಿ ಬಂದು ಎದುರಿಗೆ ನಿಂತ. ಬ್ಯಾಗಿನಿಂದ ಹಾಲಿನ ಪುಡಿಯ ಡಬ್ಬಿ ತೆಗೆದು ಅಣ್ಣನ ಕೈಯಲ್ಲಿಟ್ಟ. ನೀಲಿ ಮುಚ್ಚಳ, ಸುತ್ತಲೂ ಒತ್ತೊತ್ತಾಗಿ ಇಂಗ್ಲಿಷು.

“ಅಂಗಡಿಯಂವ ಕೇಳಿದ, ಎಷ್ಟ ತಿಂಗಳಿನ ಕೂಸು ಅಂತ. ಈಗೇ ಹುಟ್ಟ್ಯಾದ ಅಂದೆ. ನೀರ ಎಷ್ಟು, ಪುಡಿ ಎಷ್ಟು, ಎಲ್ಲಾ ಇದರ ಮ್ಯಾಲ ಬರದಾರ ಅಂದ. ನಮ್ಮಣ್ಣಗ ಓದ್ಲಾಕ ಬರ್ತದ ಅಂತ ಹೇಳಿ ತಂದೀನಿ. ಓದು ಅಣ್ಣಾ.”

ಗೋರಖನಾಥ ಡಬ್ಬಿಯನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಕನ್ನಡಕ ಕಿಸೆಯಲ್ಲೇ ಇತ್ತು, ತೆಗೆಯಲಿಲ್ಲ.

“ಓದು.”

“ನನಗ ಬರಲ್ಲ ತಮ್ಮಾ” ಎಂದ ಗೋರಖನಾಥ. “ನನಗ ಇಂಗ್ಲೀಷ ಬರಲ್ಲ.”

ಪಂಢರಿ ಡಬ್ಬಿಯನ್ನು ಮರಳಿ ತೆಗೆದುಕೊಂಡು, ಅದರ ಮೇಲೆ ಮೂಡಿದ್ದ ಅಣ್ಣನ ಮಣ್ಣಿನ ಬೆರಳಗುರುತುಗಳನ್ನು ಅಂಗಿಯ ತುದಿಯಿಂದ ಒರೆಸಿದ. ಅದನ್ನು ಬ್ಯಾಗಿಗೆ ಹಾಕಲಿಲ್ಲ. ಎಡಮೊಣಕೈಯ ಮಡಿಕೆಯಲ್ಲಿ ಇಟ್ಟುಕೊಂಡು, ಬಿಸಿಲು ತಾಗದ ಹಾಗೆ ಮೇಲೆ ಟವೆಲು ಮುಚ್ಚಿ, ಊರ ಕಡೆ ನಡೆದ.